ಗ್ವಾರಾಪೊಗೆ ಯಾಕಿಷ್ಟು ಅವಸರ?

ನಮಸ್ಕಾರ. ಕ್ಯೂಬಾ, ಡೊಮಿನಿಕನ್ ರಿಪಬ್ಲಿಕ್, ಪೋರ್ಟೊ ರಿಕೊ ಕಡೆ ಬೀದೀಲಿ ಹಿಂಡಿ ಕೊಡೋ ಕಬ್ಬಿನ ಹಾಲಿಗೆ ಗ್ವಾರಾಪೊ ಅಂತಾರೆ. ಜಲ್ಲೆ ಯಂತ್ರಕ್ಕೆ ಕೊಟ್ಟು, ಐಸ್ ಹಾಕಿ, ನಿಂಬೆ ಹಿಂಡಿ ಲೋಟ ಕೈಗಿಡ್ತಾರೆ. ಹೆಚ್ಚುಕಡಿಮೆ ನಮ್ಮ ಗಾಡಿಗಳ ಹಾಗೇ. ಕ್ಯೂಬಾದ ಸಕ್ಕರೆ, ರಮ್ ಎರಡೂ ಹಡಗು ಹತ್ತಿ ಲೋಕ ಸುತ್ತಿದವು. ಗ್ವಾರಾಪೊ ಯಾಕೆ ಬೀದೀಲೇ ಉಳೀತು?

ಯಾಕಂದ್ರೆ ಅದು ಕಾಯಲ್ಲ. ಬದನೆಕಾಯಿ ಹೆಚ್ಚಿಟ್ರೆ ಕಪ್ಪಾಗುತ್ತಲ್ಲ, ಅದೇ ಕಿಣ್ವ ಕಬ್ಬಲ್ಲೂ ಇದೆ. ಗಾಳಿ ತಾಕಿದ ಕೂಡಲೇ ಹಸಿರು ರಸ ಕಂದಾಗೋಕೆ ಶುರು. ನಿಂಬೆಯ ಹುಳಿ ಆ ಕಿಣ್ವದ ಕೈ ಕಟ್ಟುತ್ತೆ, ಐಸ್ ಅದನ್ನ ನಿಧಾನ ಮಾಡುತ್ತೆ. ಅಂದ್ರೆ ಎರಡೂ ಬರೀ ರುಚಿಗಲ್ಲ. ಇನ್ನೊಂದು ಕಡೆಯಿಂದ ಬ್ಯಾಕ್ಟೀರಿಯಾ ಸಕ್ಕರೆ ತಿಂದು ರಸವನ್ನ ಹುಳಿ ಮಾಡಿ, ಲೋಳೆಗಟ್ಟಿಸುತ್ತವೆ. ಕಡಿದ ಜಲ್ಲೆಗೂ ಇದೇ ಪಾಡು. ಬಿಸಿಲ ನಾಡಲ್ಲಿ ಒಂದೆರಡು ದಿನದೊಳಗೆ ಅರೀಬೇಕು, ತಡವಾದಷ್ಟೂ ಸಕ್ಕರೆ ನಷ್ಟ.

ಈಗ ಇಲ್ಲಿ ಸ್ವಲ್ಪ ನಿಲ್ಲೋಣ. ಕೆರಿಬಿಯನ್ನಿಗೆ ಕಬ್ಬು ತಂದಿದ್ದು ಕೊಲಂಬಸ್, 1493ರ ಎರಡನೇ ಯಾನದಲ್ಲಿ. ಆಮೇಲೆ ತೋಟಗಳೆದ್ದವು, ದುಡಿಯೋಕೆ ಆಫ್ರಿಕಾದಿಂದ ಜನರನ್ನ ಗುಲಾಮರಾಗಿ ಹೊತ್ತು ತಂದ್ರು.

[ದೃಶ್ಯ: ಹಳೇ ಗಾಣದ ರೇಖಾಚಿತ್ರ]

ಈ ಗಾಣ ನೋಡಿ. ಕಬ್ಬಿಣದ ಪಟ್ಟಿ ಹೊಡೆದ ಮೂರು ಉರುಳೆ, ನೆಟ್ಟಗೆ ನಿಂತಿವೆ. ನಡುವಿನದು ತಿರುಗಿದ್ರೆ ಹಲ್ಲು ಕಚ್ಚಿಕೊಂಡು ಪಕ್ಕದವೆರಡೂ ತಿರುಗ್ತವೆ. ಈಚೆ ನಿಂತವರು ಜಲ್ಲೆ ಕೊಡಬೇಕು. ಆಚೆ ನಿಂತವರು ಅರೆಬರೆ ಹಿಂಡಿದ ರಚ್ಚನ್ನ ಇನ್ನೊಂದು ಸಂದಿಯಲ್ಲಿ ವಾಪಸ್ ತೂರಿಸಬೇಕು. ಬಹಳ ಕಡೆ ಈ ಕೆಲಸ ಹೆಂಗಸರದ್ದು. ಕಬ್ಬು ಕಾಯಲ್ವಲ್ಲ, ಹಾಗಾಗಿ ಕಟಾವಿನ ತಿಂಗಳುಗಳಲ್ಲಿ ಗಾಣ ಹಗಲೂ ರಾತ್ರಿ ನಡೀತಿತ್ತು. ನಿದ್ದೆಗಣ್ಣಲ್ಲಿ ಬೆರಳು ಸಿಕ್ಕಿದ್ರೆ ಉರುಳೆ ತೋಳನ್ನೇ ಎಳೆದುಕೊಳ್ತಿತ್ತು. ಬಾರ್ಬಡೋಸ್‌ನಲ್ಲಿದ್ದಂಥ ಗಾಳಿಗಾಣಗಳನ್ನ ತಟ್ಟನೆ ನಿಲ್ಲಿಸೋಕೂ ಆಗ್ತಿರಲಿಲ್ಲ. ಅದಕ್ಕೇ ಗಾಣದ ಪಕ್ಕ ಒಂದು ಕೊಡಲಿ ಇಟ್ಟಿರ್ತಿದ್ರು. ಕೈ ಕಡಿದು ಜೀವ ಉಳಿಸೋಕೆ!

ಯೋಚನೆ ಮಾಡಿ, ಆ ಕೊಡಲಿ ಇಟ್ಟವರಿಗೆ ಅಪಾಯ ಚೆನ್ನಾಗಿ ಗೊತ್ತಿತ್ತು. ಆದ್ರೂ ರಾತ್ರಿಪಾಳಿ ನಿಲ್ಲಿಸಲಿಲ್ಲ. ರಸ ಹುಳಿಯಾದ್ರೆ ಲಾಭ ಹೋಗುತ್ತೆ ಅನ್ನೋದು ಕಬ್ಬಿನ ಗುಣ. ಅದಕ್ಕಾಗಿ ಜನರನ್ನ ನಿದ್ದೆಗೆಡಿಸಿ ಗಾಣದ ಮುಂದೆ ನಿಲ್ಲಿಸಿದ್ದು ಮಾತ್ರ ಮಾಲೀಕರ ತೀರ್ಮಾನ. ತಪ್ಪನ್ನ ಗಿಡದ ಮೇಲೆ ಹಾಕೋ ಹಾಗಿಲ್ಲ.

ಸಮಯ ಆಗ್ತಿದೆ, ಉಳಿದದ್ದು ಬೇಗ. ಕ್ಯೂಬಾದಲ್ಲಿ ಗುಲಾಮಗಿರಿ ಕೊನೆಯಾಗಿದ್ದು 1886ರಲ್ಲಿ. ಫ್ರಾನ್ಸಿಗೆ ಸೇರಿದ ಕೆರಿಬಿಯನ್ ದ್ವೀಪ ಮಾರ್ಟಿನಿಕ್‌ನಲ್ಲಿ ಈ ಹಸಿ ರಸವನ್ನೇ ಹುಳಿ ಬರಿಸಿ, ಭಟ್ಟಿ ಇಳಿಸಿ ರಮ್ ಮಾಡ್ತಾರೆ, 1996ರಿಂದ ಅದಕ್ಕೆ ಫ್ರಾನ್ಸಿನ ಮೂಲಸ್ಥಳ ಮಾನ್ಯತೆಯೂ ಇದೆ. ಟ್ರಿನಿಡಾಡ್ ತೋಟಗಳಿಗೆ 1845ರಿಂದ 1917ರವರೆಗೆ ಕರಾರಿನ ಮೇಲೆ ಹೋದವರು ನಮ್ಮ ದೇಶದವರೇ. ಅವರ ಕಥೆಗೆ ಬೇರೇನೇ ವಿಡಿಯೋ ಬೇಕು, ಮಾಡ್ತೀನಿ.