ಬೆಕ್ಕು ಬಾಯಿ ತೆರೆದು ಉಸಿರಾಡಿದರೆ ಕಾಯಬೇಡಿ

ಸ್ಕ್ರೀನ್ ಮೇಲೆ ನಿದ್ದೆ ಹೊಡೆಯುತ್ತಿರುವುದು ನಮ್ಮ ಮನೆ ಬೆಕ್ಕು. ಪಕ್ಕೆ ನೋಡಿ. ಒಂದು ಸಲ ಏರಿ ಇಳಿದರೆ ಒಂದು ಉಸಿರು. ಫೋನಿನಲ್ಲಿ 30 ಸೆಕೆಂಡ್ ಟೈಮರ್ ಇಟ್ಟು ಎಣಿಸಿದೆ. 11 ಬಂತು, ಅಂದರೆ ನಿಮಿಷಕ್ಕೆ 22. ನಾಯಿಯಾಗಲಿ ಬೆಕ್ಕಾಗಲಿ, ನಿದ್ದೆಯಲ್ಲಿ ಇದು 30ರ ಒಳಗೇ ಇರಬೇಕು. ಪದೇ ಪದೇ ದಾಟುತ್ತಿದ್ದರೆ ಡಾಕ್ಟರಿಗೆ ತೋರಿಸಿ. ಅದು ಚೆನ್ನಾಗಿರುವಾಗಲೇ ಎಣಿಸಿಟ್ಟುಕೊಳ್ಳಿ. ಆಗ ವ್ಯತ್ಯಾಸ ಬಂದರೆ ಥಟ್ಟನೆ ಗೊತ್ತಾಗುತ್ತದೆ.

ಓಡಿ ಬಂದ ನಾಯಿ ನಾಲಿಗೆ ಚಾಚಿ ತೇಕುವುದು ಮಾಮೂಲಿ. ಬೆಕ್ಕಿನ ಕಥೆ ಬೇರೆ. ಜಾಸ್ತಿ ಆಟ ಆಡಿಯೋ ಹೆದರಿಯೋ ಸ್ವಲ್ಪ ಹೊತ್ತು ತೇಕಬಹುದು, ಅಷ್ಟೇ. ಸುಮ್ನೆ ಕೂತ ಬೆಕ್ಕು ಬಾಯಿ ತೆರೆದು ಉಸಿರಾಡುತ್ತಿದ್ದರೆ ಬೆಳಗಾಗಲಿ ಅಂತ ಕಾಯುವ ಮಾತೇ ಇಲ್ಲ. ಕಾಯಿಲೆ ಮುಚ್ಚಿಡುವುದರಲ್ಲಿ ಬೆಕ್ಕು ಪಳಗಿದ ಪ್ರಾಣಿ. ಅಸ್ತಮಾ ಇರಬಹುದು, ಶ್ವಾಸಕೋಶದ ಸುತ್ತ ನೀರು ತುಂಬಿರಬಹುದು. ನಮ್ಮ ಕಣ್ಣಿಗೆ ಬೀಳುವ ಹೊತ್ತಿಗೆ ಕೈಮೀರುವ ಹಂತಕ್ಕೆ ಬಂದಿರುತ್ತದೆ.

ಕೂತಿರುವ ಭಂಗಿ ಗಮನಿಸಿ. ಉಸಿರಿಗೆ ಕಷ್ಟಪಡುವ ಪ್ರಾಣಿ ಮುಂಗಾಲಿನ ಮೊಣಕೈ ಅಗಲಿಸಿ, ಕತ್ತು ಮುಂದಕ್ಕೆ ಚಾಚಿ, ಮಲಗಲಾರದೆ ಒದ್ದಾಡುತ್ತದೆ. ಪ್ರತಿ ಉಸಿರಿಗೂ ಹೊಟ್ಟೆ ಸೆಳೆಯುತ್ತದೆ. ತುಟಿ ಮೆಲ್ಲಗೆ ಎತ್ತಿ ಒಸಡು ನೋಡಿ. ಹುಟ್ಟಿನಿಂದಲೇ ಒಸಡು ಕಪ್ಪಗಿದ್ದರೆ ನಾಲಿಗೆ ನೋಡಿ. ನಸುಗೆಂಪು ಇದ್ದರೂ ಪೂರ್ತಿ ನಂಬಬೇಡಿ. ನೀಲಿಯೋ ಬೂದಿಯೋ ಬಿಳಿಚೋ ಇದ್ದರಂತೂ ತಕ್ಷಣ ಹೊರಡಿ.

ಒಂದು ಸಮಾಧಾನದ ವಿಷಯವೂ ಇದೆ. ನಾಯಿ ಇದ್ದಕ್ಕಿದ್ದ ಹಾಗೆ ಗೊರಗೊರ ಅಂತ ಮೂಗಿನಿಂದ ಗಾಳಿ ಒಳಗೆಳೆದುಕೊಂಡು, ನಿಮಿಷದೊಳಗೆ ಏನೂ ಆಗದ ಹಾಗೆ ಬಾಲ ಅಲ್ಲಾಡಿಸಿದರೆ ಅದು ಬಹುತೇಕ ರಿವರ್ಸ್ ಸ್ನೀಜಿಂಗ್, ಅಂದರೆ ಉಲ್ಟಾ ಸೀನು. ವಿಡಿಯೊ ಮಾಡಿಟ್ಟುಕೊಂಡು ಆಮೇಲೆ ತೋರಿಸಿದರೆ ಸಾಕು.

ನಿಜವಾದ ತೊಂದರೆ ಬಂದಾಗ ಕಷ್ಟದ ಕೆಲಸ ಯಾವುದು ಗೊತ್ತಾ? ಮುಟ್ಟದೆ ಇರುವುದು. ಎತ್ತಿ ಅಪ್ಪಿಕೊಳ್ಳೋಣ, ನೀರು ಕುಡಿಸೋಣ ಅನಿಸುತ್ತದೆ ಅಲ್ವಾ? ಬೇಡ. ಕೊಸರಾಡಿದಷ್ಟೂ ಅದಕ್ಕೆ ಆಕ್ಸಿಜನ್ ಜಾಸ್ತಿ ಬೇಕಾಗುತ್ತದೆ. ಬಾಯಿಗೆ ಹಾಕಿದ ನೀರು ಶ್ವಾಸಕೋಶಕ್ಕೆ ಹೋಗಬಹುದು. ಬೆಕ್ಕಿಗೆ ಪ್ಯಾರಾಸಿಟಮಾಲ್ ಅಂತೂ ವಿಷ, ರಕ್ತ ಆಕ್ಸಿಜನ್ ಹೊರುವುದನ್ನೇ ಕೆಡಿಸುತ್ತದೆ. ಅದು ಹೇಗೆ ಕೂತಿದೆಯೋ ಹಾಗೇ ಗಾಳಿಯಾಡುವ ಬುಟ್ಟಿಗೆ ಸೇರಿಸಿ.

ಗಂಟಲಲ್ಲಿ ಏನಾದರೂ ಸಿಕ್ಕಿಕೊಂಡಿದ್ದರೆ ಮಾತ್ರ ಕೈ ಹಾಕಬೇಕಾಗುತ್ತದೆ. ಜೋರಾಗಿ ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಿ, ಗಾಳಿ ಓಡಾಡುತ್ತಿದೆ ಅಂತ ಅರ್ಥ. ಸದ್ದೇ ಇಲ್ಲದೆ ಒದ್ದಾಡುತ್ತಿದ್ದರೆ ಬಾಯಿ ತೆರೆದು ನೋಡಿ. ವಸ್ತು ಕಂಡರೆ ತೆಗೆಯಿರಿ. ಕಾಣದೆ ಬೆರಳು ತೂರಿಸಿದರೆ ಇನ್ನೂ ಒಳಗೆ ಹೋಗುತ್ತದೆ. ದೊಡ್ಡ ನಾಯಿಯಾದರೆ ಹಿಂದಿನಿಂದ ತಬ್ಬಿ, ಪಕ್ಕೆಲುಬಿನ ಕೆಳಗೆ ಮುಷ್ಟಿ ಇಟ್ಟು, ಒಳಗೆ ಮತ್ತು ಮುಂದಕ್ಕೆ ಝಾಡಿಸಿ ಒತ್ತಿ. ವಸ್ತು ಹೊರಬಂದರೂ ಡಾಕ್ಟರಿಗೆ ತೋರಿಸಿ.

ದಾರಿಯಿಂದಲೇ ಕ್ಲಿನಿಕ್‌ಗೆ ಫೋನ್ ಮಾಡಿ, ಆಕ್ಸಿಜನ್ ಸಿದ್ಧ ಇಡಲು ಹೇಳಿ. ಅಲ್ಲಿ ತಕ್ಷಣ ಎಕ್ಸ್‌ರೇ ತೆಗೆಯಲಿಲ್ಲ ಅಂತ ಡಾಕ್ಟರ ಜೊತೆ ಜಗಳಕ್ಕಿಳಿಯಬೇಡಿ. ಆ ಸ್ಥಿತಿಯಲ್ಲಿ ಮೇಜಿನ ಮೇಲೆ ಒತ್ತಿ ಹಿಡಿದರೆ ಅದೇ ಪ್ರಾಣಕ್ಕೆ ಕುತ್ತಾಗಬಹುದು.