ಟಾಪಿಕ್ ಹುಡುಕಬೇಡಿ, ಹೋಗಿ ಕೂತ್ಕೊಳ್ಳಿ

ಕೇಳುಗರಿಗೆಲ್ಲ ನಮಸ್ಕಾರ. ಅಮೆರಿಕದಲ್ಲಿ ಆಕ್ಯುಪೇಶನಲ್ ಥೆರಪಿ ಡಾಕ್ಟರೇಟ್, ಅಂದರೆ ಓಟಿಡಿ, ಓದುತ್ತಿರುವ ನಮ್ಮ ಕನ್ನಡದ ಮಕ್ಕಳು, ಅವರ ಅಪ್ಪ ಅಮ್ಮಂದಿರು ಕೇಳುತ್ತಿದ್ದೀರಿ ಅಂದುಕೊಂಡೇ ಮಾತಾಡುತ್ತೇನೆ. ಇವತ್ತಿನ ವಿಷಯ ಕ್ಯಾಪ್‌ಸ್ಟೋನ್, ಅಂದರೆ ಓದಿನ ಕೊನೆಗೆ ಒಂದು ಜಾಗಕ್ಕೆ ಹೋಗಿ ಮಾಡುವ ಪ್ರಾಜೆಕ್ಟ್. ನಾನು ಕೆಲವು ವರ್ಷಗಳಿಂದ ಕ್ಯಾಪ್‌ಸ್ಟೋನ್ ಮಾಡುವವರಿಗೆ ಮೆಂಟರ್. ಪ್ರತಿ ಸಲ ಬರುವ ಮೊದಲ ಫೋನ್ ಒಂದೇ: "ಮೇಡಂ, ಒಂದು ಒಳ್ಳೆ ಟಾಪಿಕ್ ಹೇಳಿ." ಕೆಲವು ಸಲ ಫೋನ್ ಮಾಡುವುದು ಅಮ್ಮಂದಿರೇ! ನನ್ನ ಹತ್ತಿರ ಟಾಪಿಕ್ ಇಲ್ಲ ಕಣಮ್ಮ. ಅದು ಇರುವುದು ನೀವು ಹೋಗಲಿರುವ ಜಾಗದಲ್ಲಿ. ಅಲ್ಲಿ ಹೋಗಿ ಕೂತ್ಕೊಳ್ಳಿ, ಕೇಳಿ.

ಗೊತ್ತಿಲ್ಲದವರಿಗೆ ಎರಡು ಮಾತು. ಕಾಯಿಲೆ, ಪೆಟ್ಟು, ವಯಸ್ಸು, ಏನೇ ಅಡ್ಡ ಬಂದರೂ ಮನುಷ್ಯ ತನ್ನ ಸ್ನಾನ, ಊಟ, ಬಟ್ಟೆ, ಶಾಲೆ, ಕೆಲಸ ಇವನ್ನೆಲ್ಲ ಮಾಡಿಕೊಳ್ಳುವ ಹಾಗೆ ದಾರಿ ಹುಡುಕುವುದೇ ಆಕ್ಯುಪೇಶನಲ್ ಥೆರಪಿ, ಚಿಕ್ಕದಾಗಿ ಓಟಿ. ಈ ಡಾಕ್ಟರೇಟ್‌ನಲ್ಲಿ ಪಾಠಗಳು ಮುಗಿದು, ಕನಿಷ್ಠ 24 ವಾರದ ಲೆವೆಲ್ ಟೂ ಫೀಲ್ಡ್‌ವರ್ಕ್, ಅಂದರೆ ಥೆರಪಿಸ್ಟ್ ಕೈಕೆಳಗೆ ಮಾಡುವ ತರಬೇತಿ, ಮುಗಿದ ಮೇಲೆ, ಕೊನೆಗೆ ಬರುವುದು ಕ್ಯಾಪ್‌ಸ್ಟೋನ್. ಕನಿಷ್ಠ 14 ವಾರ, 560 ಗಂಟೆ. ಕಾಲೇಜುಗಳಿಗೆ ಮಾನ್ಯತೆ ಕೊಡುವ ಎಕೋಟ್ ಸಂಸ್ಥೆಯ ನಿಯಮ ಇದು. ಹಿಂದೆ ಮಾಡಿದ ಕೆಲಸವನ್ನೋ ಫೀಲ್ಡ್‌ವರ್ಕನ್ನೋ ಇದರಲ್ಲಿ ಲೆಕ್ಕ ಹಿಡಿಯುವ ಹಾಗಿಲ್ಲ. ಆ 14 ವಾರ ಶುರುವಾಗುವ ಮೊದಲೇ ಇನ್ನೊಂದು ಕೆಲಸ ಮುಗಿದಿರಬೇಕು. ಆ ಜಾಗಕ್ಕೆ ಏನು ಬೇಕು ಅಂತ ತಿಳಿದುಕೊಳ್ಳುವುದು, ನೀಡ್ಸ್ ಅಸೆಸ್‌ಮೆಂಟ್. ಎಲ್ಲರೂ ಸುಮ್ನೆ ಒಂದು ಫಾರ್ಮ್ ತುಂಬಿಸಿ ಕೈತೊಳೆದುಕೊಳ್ಳುವುದು ಇಲ್ಲೇ.

ಒಬ್ಬ ಹುಡುಗಿಯ ಕತೆ ಹೇಳುತ್ತೇನೆ. ಅಮೆರಿಕದಲ್ಲೇ ಹುಟ್ಟಿ ಬೆಳೆದವಳು, ಮನೆಯಲ್ಲಿ ಅಜ್ಜಿ ಕಲಿಸಿದ ಕನ್ನಡ. ಕ್ಯಾಪ್‌ಸ್ಟೋನ್‌ಗೆ ಅವಳಿಗೆ ಸಿಕ್ಕ ಜಾಗ ನ್ಯೂ ಜೆರ್ಸಿಯ ಒಂದು ಡೇ ಸೆಂಟರ್, ವಯಸ್ಸಾದವರು ಬೆಳಿಗ್ಗೆ ಬಂದು ಸಂಜೆ ಮನೆಗೆ ಹೋಗುವಂಥದ್ದು, ಹೆಚ್ಚಿನವರು ಭಾರತದಿಂದ ಬಂದವರೇ. ಇವಳ ಟಾಪಿಕ್ ಆಗಲೇ ರೆಡಿ: ಹಿರಿಯರಿಗೆ ಟ್ಯಾಬ್ಲೆಟ್ ಬಳಸುವುದನ್ನು ಕಲಿಸಿ ಒಂಟಿತನ ಕಡಿಮೆ ಮಾಡುವುದು. ಸ್ಲೈಡ್‌ಗಳೂ ರೆಡಿ. ನಾನು ಹೇಳಿದೆ, ಅದನ್ನು ಮಡಚಿ ಇಡು, ಈ ಸೆಮಿಸ್ಟರ್ ಪೂರ್ತಿ ವಾರಕ್ಕೊಂದು ದಿನ ಹೋಗಿ ಸುಮ್ಮನೆ ಕೂತಿದ್ದು ಬಾ. ಅವಳಿಗೆ ಇಷ್ಟವಾಗಲಿಲ್ಲ. ಆದರೂ ಹೋದಳು.

ಅಲ್ಲಿ ಒಬ್ಬ ಅಜ್ಜಿ, ನಮ್ಮ ಕಡೆಯವರೇ. ದಿನಾ ಊಟದ ಹೊತ್ತಿಗೆ "ಹಸಿವಿಲ್ಲ" ಅಂತ ಟಿವಿ ರೂಮಿಗೆ ಎದ್ದು ಹೋಗುತ್ತಿದ್ದರು. ಸಿಬ್ಬಂದಿ ಪುಸ್ತಕದಲ್ಲಿ "ಊಟ ಬೇಡ ಅಂದರು" ಅಂತ ಬರೆಯುತ್ತಿದ್ದರು. ಮೂರನೇ ವಾರ ಇವಳು ಪಕ್ಕದಲ್ಲಿ ಕೂತಿದ್ದಾಗ, ಅಜ್ಜಿ ಸೆರಗಿನ ಒಳಗಿಂದ ಬಲಗೈ ತೆಗೆದು ತೋರಿಸಿದರು. ಲಕ್ವ ಹೊಡೆದ ಕೈ. "ಎಲ್ಲರ ಎದುರು ಎಡಗೈಯಲ್ಲಿ ಹೆಂಗೆ ಉಣ್ಣಲಿ ಮಗಾ?" ಅಂದರು.

ಇದು ಯಾವ ಫಾರ್ಮಿನಲ್ಲಿ ಸಿಗುತ್ತದೆ ಹೇಳಿ? ಎಡಗೈ ಊಟ ಅಂದರೆ ಏನು ಅಂತ ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ? ಹುಡುಗಿ ಸುತ್ತ ನೋಡಿದಳು, ಹೀಗೇ ಊಟ ತಪ್ಪಿಸುವವರು ಇನ್ನೂ ನಾಲ್ಕು ಜನ ಇದ್ದರು. ಟ್ಯಾಬ್ಲೆಟ್ ಅಲ್ಲಿಗೆ ಬಿತ್ತು.

ಮೊದಲು ಅವಳು ತರಿಸಿದ್ದು ದಪ್ಪ ಹಿಡಿಯ ಪ್ಲಾಸ್ಟಿಕ್ ಚಮಚ, ಲಕ್ವ ಆದವರಿಗೆ ಕೊಡುವಂಥದ್ದು. ಅಜ್ಜಿ ಅದನ್ನು ಮುಟ್ಟಲೂ ಇಲ್ಲ, ಮಕ್ಕಳ ಚಮಚ ಅಂದರು. ಆಮೇಲೆ ಮನೆಯ ಸ್ಟೀಲ್ ಚಮಚದ ಹಿಡಿಗೇ ಫೋಮ್ ಸುತ್ತಿದಳು, ತಟ್ಟೆ ಕೆಳಗೆ ಜಾರದ ಹಾಸು ಹಾಕಿದಳು, ಅನ್ನ ಹೊರಗೆ ಚೆಲ್ಲದ ಹಾಗೆ ಅಂಚು ಎದ್ದಿರುವ ತಟ್ಟೆ ತಂದಳು, ಬಲಗೈಗೆ ತಟ್ಟೆಯನ್ನು ಒತ್ತಿ ಹಿಡಿಯುವ ಕೆಲಸ ಕೊಟ್ಟಳು. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಇನ್ನೊಂದು. ಅಡುಗೆಯವರನ್ನು ಒಪ್ಪಿಸಿ, ಇಡೀ ಹಾಲಿಗೆ, ಕೈ ಚೆನ್ನಾಗಿರುವವರಿಗೂ, ಚಮಚ ಇಡಿಸಿದಳು, ರೊಟ್ಟಿ ಎಲ್ಲರಿಗೂ ತುಂಡು ಮಾಡಿಯೇ ಬರುವ ಹಾಗೆ ಮಾಡಿದಳು. ಈಗ ಯಾರು ಯಾವ ಕೈಯಲ್ಲಿ ಉಣ್ಣುತ್ತಿದ್ದಾರೆ ಅಂತ ಯಾರು ನೋಡುತ್ತಾರೆ? ಕ್ಯಾಪ್‌ಸ್ಟೋನ್ ಶುರುವಾಗಿ ಏಳನೇ ವಾರಕ್ಕೆ ಅಜ್ಜಿ ಟೇಬಲ್ಲಿಗೆ ಬಂದು ಕೂತರು. ಬಲಗೈ ಸರಿಹೋಗಲಿಲ್ಲ. ಊಟ ಮಾಡಿದರು. ಎಷ್ಟು ಜನ ಕೂತರು, ತಟ್ಟೆಯಲ್ಲಿ ಎಷ್ಟು ಉಳಿಯಿತು ಅಂತ ಹುಡುಗಿ ವಾರವಾರವೂ ಬರೆದಿಟ್ಟಳು. ಅದೇ ಅವಳ ರಿಪೋರ್ಟ್. ಅಡುಗೆಮನೆ ಬಾಗಿಲಿಗೆ ಅಂಟಿಸಿದ ಅವಳ ಒಂದು ಹಾಳೆ, ಗುಜರಾತಿಯಲ್ಲೂ ಇಂಗ್ಲಿಷಿನಲ್ಲೂ ಬರೆದದ್ದು, ನಾನು ಮೊನ್ನೆ ಹೋದಾಗಲೂ ಅಲ್ಲೇ ಇತ್ತು.

ಇನ್ನೊಂದು ಕಡೆ ಒಬ್ಬ ಹುಡುಗ ಮನೆಯಿಂದಲೇ ಟಾಪಿಕ್ ತಂದು, 60 ಪುಟದ ಚಂದದ ಕೈಪಿಡಿ ಮಾಡಿಕೊಟ್ಟು ಹೋದ. ಅದು ಬೀರುವಿನಲ್ಲಿದೆ. ಅವನು ಜಾಣ, ತಪ್ಪು ಅವನದೊಂದೇ ಅಲ್ಲ. ಕೂತು ಕೇಳು ಅಂತ ಅವನಿಗೆ ಯಾರೂ ಹೇಳಿರಲಿಲ್ಲ.

ಸಮಯ ಮುಗಿಯುತ್ತಾ ಬಂತು ಅಂತ ಸ್ಟುಡಿಯೋದವರು ಕೈ ತೋರಿಸುತ್ತಿದ್ದಾರೆ, ಉಳಿದದ್ದು ಬೇಗ ಹೇಳಿಬಿಡುತ್ತೇನೆ. ಮೆಂಟರ್ ಓಟಿ ಓದಿದವರೇ ಆಗಿರಬೇಕು ಅಂತಿಲ್ಲ, ಆ ವಿಷಯದಲ್ಲಿ ಪಳಗಿದವರಾದರೆ ಸಾಕು. 560 ಗಂಟೆಯಲ್ಲಿ ನೂರಕ್ಕೆ 20ಕ್ಕಿಂತ ಜಾಸ್ತಿ ಆ ಜಾಗದ ಹೊರಗೆ ಕಳೆಯುವಂತಿಲ್ಲ, ಮನೆಯಲ್ಲಿ ಕೂತು ಬರೆಯುತ್ತೇನೆ ಅನ್ನುವವರು ಇದನ್ನು ನೆನಪಿಡಿ. ಆಸ್ಪತ್ರೆಯೇ ಬೇಕು ಅಂತಲೂ ಇಲ್ಲ. ಸಂಶೋಧನೆ, ಆಡಳಿತ, ಪಾಠ ಮಾಡುವುದು, ಹಕ್ಕಿನ ಪರ ದನಿ ಎತ್ತುವುದು, ಇವುಗಳಲ್ಲೂ ಮಾಡಬಹುದು. ಅಪ್ಪ ಅಮ್ಮಂದಿರೇ, ಆ 14 ವಾರ ಸಾಮಾನ್ಯವಾಗಿ ಸಂಬಳ ಇರುವುದಿಲ್ಲ, ಕಾಲೇಜಿನ ಫೀಸು ಇರುತ್ತದೆ, ಈಗಲೇ ಲೆಕ್ಕ ಹಾಕಿಕೊಳ್ಳಿ.

ಮಕ್ಕಳೇ, ಕ್ಯಾಪ್‌ಸ್ಟೋನ್‌ಗೆ ನೀವು ಹೋಗುವ ಜಾಗ ಗೊತ್ತಾಗಿದೆಯಾ? ಹಾಗಾದರೆ ನಾಳೆಯೇ ಅಲ್ಲಿಗೆ ಫೋನ್ ಮಾಡಿ, ಊಟದ ಹೊತ್ತಿಗೆ ಬಂದು ಕೂರಬಹುದಾ ಅಂತ ಕೇಳಿ. ಲ್ಯಾಪ್‌ಟಾಪ್ ಕಾರಿನಲ್ಲೇ ಬಿಟ್ಟು ಹೋಗಿ. ನಮಸ್ಕಾರ.