ಟಿ.ಸಿ. ಕೊಟ್ಟ ಮೇಲೆ

(ಮಂಡ್ಯದಲ್ಲಿ ಪ್ರೌಢಶಾಲಾ ಶಿಕ್ಷಕರು, ವಿಶೇಷ ಶಿಕ್ಷಕರು ಮತ್ತು ಪೋಷಕರು ಸೇರಿದ್ದ ಸಭೆಯಲ್ಲಿ ಮಾಡಿದ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ.

ಬರುವಾಗ ಬ್ಯಾಗಿನಲ್ಲಿ ಒಂದು ಟಿ.ಸಿ.ಯ ನಕಲು ಇಟ್ಟುಕೊಂಡು ಬಂದೆ. ಹೆಸರಿರುವ ಜಾಗವನ್ನು ಮಡಚಿದ್ದೇನೆ. ಇದರಲ್ಲಿ ಹುಟ್ಟಿದ ತಾರೀಖು ಇದೆ. ಅಪ್ಪ ಅಮ್ಮನ ಹೆಸರಿದೆ. ಜಾತಿ ಇದೆ. ಶಾಲೆ ಬಿಟ್ಟ ದಿನ ಇದೆ. ನಡತೆ ಅನ್ನುವ ಕಡೆ 'ಉತ್ತಮ' ಅಂತ ಬರೆದಿದೆ. ಅದು ನನ್ನದೇ ಕೈಬರಹ.

ಈ ಹುಡುಗ ನನ್ನ ತರಗತಿಯಲ್ಲಿ ಮೂರು ವರ್ಷ ಇದ್ದ. ಬೌದ್ಧಿಕ ಬೆಳವಣಿಗೆ ನಿಧಾನ. ಒಟ್ಟಿಗೆ ಎರಡು ಕೆಲಸ ಹೇಳಿದರೆ ಗಾಬರಿಯಾಗಿ ನಿಂತುಬಿಡುತ್ತಿದ್ದ. ಒಂದೇ ಕೆಲಸ, ಅದೂ ಮಾಡಿ ತೋರಿಸಿದರೆ, ನಮಗಿಂತ ಅಚ್ಚುಕಟ್ಟಾಗಿ ಮಾಡುತ್ತಿದ್ದ. ಗಿಡಗಳಿಗೆ ನೀರು ಹಾಕುವುದೆಂದರೆ ಪ್ರಾಣ. ಯಾವ ಗಿಡವನ್ನೂ ಬಿಡುತ್ತಿರಲಿಲ್ಲ. ಹತ್ತನೇ ತರಗತಿಗೆ ಬರುವ ಹೊತ್ತಿಗೆ ತನ್ನ ಹೆಸರು ಬರೆದು ಸಹಿ ಹಾಕುವುದನ್ನು ಕಲಿತಿದ್ದ. ಅದನ್ನು ಕಲಿಸಲು ನಮಗೆ ಒಂದೂವರೆ ವರ್ಷ ಹಿಡಿದಿತ್ತು.

ಇದರಲ್ಲಿ ಒಂದು ಸಾಲೂ ಈ ಟಿ.ಸಿ.ಯಲ್ಲಿ ಇಲ್ಲ.

ಮೂರು ವರ್ಷ ಆದ ಮೇಲೆ ಊರ ಸಂತೆಯಲ್ಲಿ ಅವನನ್ನು ನೋಡಿದೆ. ಹತ್ತೊಂಬತ್ತರ ಹುಡುಗ. ಅವರಮ್ಮ ಕೈ ಹಿಡಿದುಕೊಂಡು ನಡೆಸುತ್ತಿದ್ದರು. "ಮನೇಲೇ ಇರ್ತಾನೆ ಮೇಡಂ, ಟೀವಿ ನೋಡ್ಕೊಂಡು" ಅಂದರು. ಸಹಿ ಹಾಕುತ್ತಾನಾ ಅಂತ ಕೇಳಿದೆ. "ಪಿಂಚಣಿ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸ್ಕೊಂಡ್ರು. ಸಹಿ ಹಾಕ್ತಾನೆ ಅಂತ ನಂಗೂ ಹೇಳಕ್ಕೆ ಹೊಳೀಲಿಲ್ಲ" ಅಂದರು. ಅವನು ನನ್ನನ್ನು ನೋಡಿ ನಕ್ಕ. ಗುರುತು ಹಿಡಿದಿದ್ದ. ಅವತ್ತು ರಾತ್ರಿ ನನಗೆ ಊಟ ಸೇರಲಿಲ್ಲ.

ನಾವು ಮಂಡ್ಯದವರು. ನಾಲೆ ಅಂದರೆ ಏನು ಅಂತ ನಮಗೆ ಬೇರೆಯವರು ಹೇಳಬೇಕಿಲ್ಲ. ಕಟ್ಟೆ ತುಂಬಿರುತ್ತದೆ. ವಿಶ್ವೇಶ್ವರಯ್ಯ ನಾಲೆಗೆ ನೀರು ಬಿಟ್ಟಿರುತ್ತಾರೆ. ಆದರೂ ಮದ್ದೂರು, ಮಳವಳ್ಳಿ ಕಡೆ ಕೊನೆ ಭಾಗದ ರೈತ ಆಕಾಶ ನೋಡುತ್ತಾ ಕೂತಿರುತ್ತಾನೆ. ಮೇಲಿನವರು ಯಾರೂ ಅವನಿಗೆ ಕೆಟ್ಟದ್ದು ಬಯಸಿದವರಲ್ಲ. ತಮ್ಮ ತಮ್ಮ ತೂಬಿನ ಕೆಲಸ ನೋಡಿಕೊಂಡಿರುತ್ತಾರೆ, ಅಷ್ಟೇ. ಅದಕ್ಕೇ ನಮ್ಮ ಹಿರಿಯರು ನೀರುಗಂಟಿ ಅಂತ ಒಬ್ಬನನ್ನು ಇಟ್ಟಿದ್ದರು. ಅವನು ಗುದ್ದಲಿ ಹೆಗಲ ಮೇಲಿಟ್ಟುಕೊಂಡು ಏರಿ ಮೇಲೆ ನಡೆಯುತ್ತಿದ್ದ. ಎಲ್ಲಿ ಹೂಳು ತುಂಬಿದೆ, ಎಲ್ಲಿ ಒಡೆದಿದೆ, ಯಾರ ಗದ್ದೆಗೆ ಇನ್ನೂ ನೀರು ಮುಟ್ಟಿಲ್ಲ ಅಂತ ನೋಡುತ್ತಿದ್ದ.

ನಮ್ಮ ಮಕ್ಕಳ ವಿಷಯದಲ್ಲಿ ಹಾಗೆ ನಡೆಯುವವರು ಯಾರು? ಅಂಗನವಾಡಿ ಕಾರ್ಯಕರ್ತೆ ತನ್ನ ಕೆಲಸ ಮಾಡುತ್ತಾರೆ. ಪ್ರಾಥಮಿಕ ಶಾಲೆಯವರು ಮಾಡುತ್ತಾರೆ. ಬಿ.ಐ.ಇ.ಆರ್.ಟಿ. ಮೇಡಂ, ಅಂದರೆ ಇಂಥ ಮಕ್ಕಳಿಗಾಗಿ ಇರುವ ತಾಲ್ಲೂಕಿನ ಸಂಪನ್ಮೂಲ ಶಿಕ್ಷಕಿ, ಶಾಲೆಯಿಂದ ಶಾಲೆಗೆ ಓಡಾಡುತ್ತಾರೆ. ಗ್ರಾಮ ಪಂಚಾಯಿತಿಯಲ್ಲಿ ವಿ.ಆರ್.ಡಬ್ಲ್ಯೂ., ಅಂದರೆ ಅಂಗವಿಕಲರಿಗಾಗಿ ಇರುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇದ್ದಾರೆ. ಮೈಸೂರಿನಲ್ಲಿ ವಾಕ್ ಶ್ರವಣ ಸಂಸ್ಥೆ ಇದೆ. ಅಂಗವಿಕಲರಿಗಾಗಿಯೇ ಜೆಎಸ್‌ಎಸ್ ಪಾಲಿಟೆಕ್ನಿಕ್ ಇದೆ. ತಿಲಕ್‌ನಗರದಲ್ಲಿ ಕಿವುಡ ಮತ್ತು ಅಂಧ ಮಕ್ಕಳ ಸರ್ಕಾರಿ ಶಾಲೆ ಇದೆ. ಇಷ್ಟೆಲ್ಲ ನಲವತ್ತೈವತ್ತು ಕಿಲೋಮೀಟರ್ ಒಳಗೇ ಇದೆ. ನೀರು ಮಾತ್ರ ಕೊನೆ ಗದ್ದೆ ಮುಟ್ಟುತ್ತಿಲ್ಲ.

ನನ್ನ ತಪ್ಪನ್ನೇ ಮೊದಲು ಹೇಳುತ್ತೇನೆ. ಬಿ.ಐ.ಇ.ಆರ್.ಟಿ. ಮೇಡಂ ಶಾಲೆಗೆ ಬಂದರೆ ನಾನು ಹುಡುಗನನ್ನು ಅವರ ಜೊತೆ ಹಿಂದಿನ ಬೆಂಚಿಗೆ ಕಳಿಸಿ ಪಾಠ ಮುಂದುವರಿಸುತ್ತಿದ್ದೆ. ಆ ಮಗು ಅವರ ಜವಾಬ್ದಾರಿ ಅಂತ ನನ್ನ ಲೆಕ್ಕ. ವಾರದಲ್ಲಿ ಐದೂವರೆ ದಿನ ಇವರ ಜೊತೆ ಇರುತ್ತಾನಲ್ಲ ಅಂತ ಅವರ ಲೆಕ್ಕ. ಮೂರು ವರ್ಷದಲ್ಲಿ ನಾವಿಬ್ಬರೂ ಹತ್ತು ನಿಮಿಷ ಎದುರುಬದುರು ಕೂತು ಮಾತಾಡಲಿಲ್ಲ. ಹಾಜರಿ ಪುಸ್ತಕಕ್ಕೆ ಸಹಿ ಹಾಕಿಸಿಕೊಂಡಿದ್ದು ಬಿಟ್ಟರೆ ನಮ್ಮ ನಡುವೆ ಬೇರೆ ಮಾತೇ ಇರಲಿಲ್ಲ.

ಕಾನೂನಿನ ಮಾತನ್ನು ಬೇಗ ಹೇಳಿ ಮುಗಿಸುತ್ತೇನೆ. ಆದರೆ ಪೋಷಕರು ದಯವಿಟ್ಟು ಗಮನ ಕೊಡಿ. 2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಕ್ಕಳದ್ದು. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಶೇ 40 ಅಥವಾ ಅದಕ್ಕಿಂತ ಜಾಸ್ತಿ ಅಂಗವೈಕಲ್ಯ ಇರುವ ಮಕ್ಕಳಿಗೆ ಈ ಹಕ್ಕನ್ನು 18ರವರೆಗೆ ಕೊಡುತ್ತದೆ. ನಮ್ಮಲ್ಲಿ ಹತ್ತನೇ ತರಗತಿ ಮುಗಿಯುವುದು ಹದಿನಾರಕ್ಕೆ. ಆ ಎರಡು ವರ್ಷ ಎಷ್ಟೋ ಮಕ್ಕಳು ಯಾರ ಲೆಕ್ಕಕ್ಕೂ ಸಿಗುವುದಿಲ್ಲ.

ಅದೇ ಕಾಯ್ದೆ ಸರ್ಕಾರಿ ಕೆಲಸದಲ್ಲಿ ಕನಿಷ್ಠ ಶೇ 4 ಮೀಸಲಾತಿ ಕೊಟ್ಟಿದೆ. ಅದಕ್ಕೂ ಹಿಂದೆ, 1995ರ ಕಾಯ್ದೆಯಲ್ಲಿ ಇದ್ದದ್ದು ಶೇ 3. ಅದು ಕಣ್ಣು, ಕಿವಿ, ಕೈಕಾಲಿನ ತೊಂದರೆ ಇರುವವರಿಗೆ ಮಾತ್ರ. ಆಟಿಸಂ, ಬೌದ್ಧಿಕ ಅಂಗವೈಕಲ್ಯ, ಕಲಿಕಾ ನ್ಯೂನತೆ ಇರುವವರಿಗೂ ಪಾಲು ಬಂದದ್ದು 2016ರಲ್ಲಿ. ಈ ವಿಷಯ ಗೊತ್ತಿರುವ ಶಿಕ್ಷಕರು ಕಡಿಮೆ. ಗೊತ್ತಿಲ್ಲದಿದ್ದರೆ ನಾವು ಮಕ್ಕಳಿಗೆ ಹೇಳುವುದಾದರೂ ಹೇಗೆ?

ಇನ್ನೊಂದು, 18 ತುಂಬಿದ ದಿನದ್ದು. ಅವತ್ತಿನಿಂದ ನಿಮ್ಮ ಮಗ ಅಥವಾ ಮಗಳು ಕಾನೂನಿನ ಕಣ್ಣಲ್ಲಿ ವಯಸ್ಕರು. ಬ್ಯಾಂಕಿನವರು ಖಾತೆ ಬದಲಾಯಿಸಿ ಅನ್ನುತ್ತಾರೆ. ಅಪ್ಪ ಅಮ್ಮನ ಸಹಿ ನಡೆಯುವುದಿಲ್ಲ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಂಗವೈಕಲ್ಯ, ಬಹುವಿಧ ಅಂಗವೈಕಲ್ಯ ಇರುವವರಿಗೆ ಕಾನೂನುಬದ್ಧ ಪಾಲಕರ ನೇಮಕ ಬೇಕಾದರೆ 1999ರ ರಾಷ್ಟ್ರೀಯ ನ್ಯಾಸ (ನ್ಯಾಷನಲ್ ಟ್ರಸ್ಟ್) ಕಾಯ್ದೆಯಲ್ಲಿ ದಾರಿ ಇದೆ. ಜಿಲ್ಲಾಧಿಕಾರಿಗಳು ಇರುವ ಸ್ಥಳೀಯ ಮಟ್ಟದ ಸಮಿತಿಗೆ ಅರ್ಜಿ ಕೊಡಬೇಕು. ಅದೇ ನ್ಯಾಸದ ನಿರಾಮಯ ಯೋಜನೆಯಲ್ಲಿ 1 ಲಕ್ಷ ರೂಪಾಯಿವರೆಗಿನ ಆರೋಗ್ಯ ವಿಮೆಯೂ ಇದೆ. ಹಾಗಂತ ಎಲ್ಲರಿಗೂ ಪಾಲಕರು ಬೇಕೇಬೇಕು ಅಂತ ತಿಳಿಯಬೇಡಿ. ತನ್ನ ದುಡ್ಡು, ತನ್ನ ಊಟ, ತನ್ನ ಕೆಲಸದ ಬಗ್ಗೆ ಸ್ವಲ್ಪ ಸಹಾಯ ಸಿಕ್ಕರೆ ತಾನೇ ತೀರ್ಮಾನ ಮಾಡುವ ಮಕ್ಕಳು ಬಹಳ ಇದ್ದಾರೆ. ಯು.ಡಿ.ಐ.ಡಿ. ಕಾರ್ಡಿನ, ಅಂದರೆ ಅಂಗವೈಕಲ್ಯದ ಗುರುತಿನ ಚೀಟಿಯ ಅವಧಿ ಯಾವಾಗ ಮುಗಿಯುತ್ತದೆ ಅಂತ ಇವತ್ತೇ ಮನೆಗೆ ಹೋಗಿ ನೋಡಿ.

ಅಮೆರಿಕದಲ್ಲಿ ಕಾನೂನೇ ಒಂದು ಮಾತು ಹೇಳುತ್ತದೆ. ಅಂಗವೈಕಲ್ಯ ಇರುವ ಮಗುವಿಗೆ 16 ಆಗುವ ಹೊತ್ತಿಗೆ ಅದರ ಕಲಿಕೆಯ ಯೋಜನೆಯಲ್ಲಿ ಶಾಲೆ ಮುಗಿದ ಮೇಲಿನ ಬದುಕಿನ ಯೋಜನೆಯೂ ಇರಬೇಕು. ಆ ಮಾತುಕತೆಗೆ ವಿದ್ಯಾರ್ಥಿಯನ್ನೂ ಕರೆಯಬೇಕು. ನಾವು ಕಾನೂನು ಬರುವವರೆಗೆ ಕಾಯಬೇಕಿಲ್ಲ. ಒಂದು ಬೆಂಚು, ಒಂದು ಹಾಳೆ ಸಾಕು. ಹಾಗೆ ಕೂತ ಒಂದು ಮಧ್ಯಾಹ್ನದ ಕತೆ ಹೇಳುತ್ತೇನೆ.

ಸಂತೆಯಲ್ಲಿ ಆ ಹುಡುಗನನ್ನು ನೋಡಿದ ಮುಂದಿನ ವರ್ಷ. ಒಂಬತ್ತನೇ ತರಗತಿಯಲ್ಲಿ ಇನ್ನೊಬ್ಬ ಹುಡುಗ, ಹೆಚ್ಚುಕಡಿಮೆ ಅದೇ ರೀತಿಯ ತೊಂದರೆ. ಒಂದು ಶನಿವಾರ ಶಾಲೆ ಬಿಟ್ಟ ಮೇಲೆ ಎಲ್ಲರೂ ಕೂತೆವು. ನಾನು, ಗಣಿತದ ಮೇಷ್ಟ್ರು, ಪಿ.ಇ. ಸರ್, ಬಿ.ಐ.ಇ.ಆರ್.ಟಿ. ಮೇಡಂ, ಹುಡುಗನ ಅಪ್ಪ ಅಮ್ಮ. ಬಿಸಿಯೂಟದ ಅಕ್ಕ ಪಾತ್ರೆ ಒಳಗಿಡಲು ಬಂದವರು ಬಾಗಿಲಲ್ಲೇ ನಿಂತರು.

ಅಪ್ಪ ಶುರು ಮಾಡಿದರು. "ಇವ್ನಿಗೇನ್ ಬರುತ್ತೆ ಸಾರ್. ನೀವೇ ಏನಾದ್ರೂ ಸರ್ಟಿಫಿಕೇಟ್ ಮಾಡ್ಸಿಕೊಡಿ." ಬಾಗಿಲಲ್ಲಿದ್ದ ಅಕ್ಕ ತಡೆಯಲಾರದೆ ಹೇಳಿದರು: "ಏನ್ ಬರಲ್ಲ ಅಂತೀರಣ್ಣ? ದಿನಾ ತಟ್ಟೆ ಎಣಿಸಿ ಕೊಡೋನು ಇವನೇ. ಹತ್ತತ್ತು ಜೋಡಿಸ್ತಾನೆ. ಒಂದ್ ಕಮ್ಮಿ ಆದ್ರೆ ಹುಡ್ಕಿ ತರೋಗಂಟ ಊಟಕ್ಕೆ ಕೂರಲ್ಲ."

ಗಣಿತದ ಮೇಷ್ಟ್ರು ಸುಮ್ಮನಾಗಿಬಿಟ್ಟರು. ಅವರ ನೋಟ್‌ಬುಕ್ಕಿನಲ್ಲಿ ಈ ಹುಡುಗ ಇಪ್ಪತ್ತರ ಮೇಲೆ ಎಣಿಸಿರಲಿಲ್ಲ. ಅಡುಗೆಮನೆಯಲ್ಲಿ ನೂರು ದಾಟುತ್ತಿದ್ದ. ಒಂದೇ ಕಾಂಪೌಂಡಿನ ಒಳಗೆ ಇಷ್ಟು ದಿನ ಈ ಎರಡು ಸಂಗತಿ ಒಂದನ್ನೊಂದು ಭೇಟಿಯಾಗಿರಲಿಲ್ಲ. ಅಕ್ಕನಿಗೆ ಕುರ್ಚಿ ಹಾಕಿದೆವು. ಆಮೇಲಿನ ಎಲ್ಲ ಮಾತುಕತೆಗೂ ಅವರು ಬಂದರು.

ಕೆಲಸದ ವಿಷಯ ಬಂತು. ಕಾಗದದ ಕವರ್ ಮಾಡಿಸೋಣ ಅಂದೆ ನಾನು. ಊದುಬತ್ತಿ ಅಂದರು ಇನ್ನೊಬ್ಬರು. ಇಂಥ ಮಕ್ಕಳು ಅಂದ ಕೂಡಲೇ ನಮ್ಮ ಬಾಯಿಗೆ ಬರುವುದು ಈ ಎರಡೇ, ಅಲ್ವಾ? ಬಿ.ಐ.ಇ.ಆರ್.ಟಿ. ಮೇಡಂ ಹೊರಗೆ ಆಡುತ್ತಿದ್ದ ಹುಡುಗನನ್ನು ಕರೆದು ಕೂರಿಸಿಕೊಂಡು ಕೇಳಿದರು. "ದೊಡ್ಡೋನಾದ್ ಮೇಲೆ ಏನ್ ಕೆಲಸ ಮಾಡ್ತೀಯಪ್ಪ?" ಅವನು ಬಹಳ ಹೊತ್ತು ನೆಲ ನೋಡಿದ. ನಾನು ಬಾಯಿ ಹಾಕಲು ಹೋದೆ. ಮೇಡಂ ಕೈ ಹಿಡಿದು ತಡೆದರು. ಆಮೇಲೆ ಹೇಳಿದ: "ಗಾಡಿ ತೊಳೀತೀನಿ."

ಅವರ ಊರಿಂದ ಮಂಡ್ಯಕ್ಕೆ ಬರುವ ದಾರಿಯಲ್ಲಿ ಒಂದು ವಾಟರ್ ಸರ್ವಿಸ್ ಇದೆ. ಬಸ್ಸಿನ ಕಿಟಕಿಯಿಂದ ದಿನಾ ನೋಡುತ್ತಿದ್ದನಂತೆ. ಅವರಪ್ಪನಿಗೂ ಅದು ಹೊಸ ಸುದ್ದಿ.

ಅಲ್ಲಿಂದ ಎರಡು ವರ್ಷ ನಾವು ಮಾಡಿದ್ದು ಇಷ್ಟು. ಬೈಕ್ ತೊಳೆಯುವ ಕೆಲಸವನ್ನು ಮೇಡಂ ಹನ್ನೊಂದು ಹಂತ ಮಾಡಿ ಚಿತ್ರ ಬರೆದರು. ಕಲಿಸುವಾಗ ಕೊನೆಯ ಹಂತದಿಂದ ಶುರು ಮಾಡಿದರು. ಉಳಿದದ್ದನ್ನೆಲ್ಲ ನಾವು ಮಾಡುವುದು, ಕನ್ನಡಿ ಒರೆಸಿ ಮುಗಿಸುವುದು ಅವನು. ಆಮೇಲೆ ಕೊನೆಯ ಎರಡು ಹಂತ ಅವನದು. ಆಮೇಲೆ ಮೂರು. ಹೀಗೆ ಮಾಡಿದರೆ ಪ್ರತಿ ಸಲವೂ ಕೆಲಸ ಮುಗಿಸಿದ ಸಂತೋಷ ಮಗುವಿಗೇ ಸಿಗುತ್ತದೆ. ವಿಶೇಷ ಶಿಕ್ಷಣ ಓದಿದವರಿಗೆ ಇದು ಗೊತ್ತಿರುವ ವಿಧಾನ. ಇಪ್ಪತ್ತು ವರ್ಷ ಪಾಠ ಮಾಡಿದ ನನಗೆ ಅದು ಹೊಸದು. ಶನಿವಾರಗಳಲ್ಲಿ ನಮ್ಮೆಲ್ಲರ ಸ್ಕೂಟರುಗಳೂ ಹೊಳೆಯತೊಡಗಿದವು.

ಪಿ.ಇ. ಸರ್ ಒಂದು ತೊಂದರೆ ಕಂಡುಹಿಡಿದರು. ಹುಡುಗ ಹತ್ತು ನಿಮಿಷಕ್ಕಿಂತ ಜಾಸ್ತಿ ನಿಲ್ಲುತ್ತಿರಲಿಲ್ಲ, ಕೂತುಬಿಡುತ್ತಿದ್ದ. ಕೈಯಲ್ಲಿ ಬಟ್ಟೆ ಹಿಂಡುವಷ್ಟು ಬಲವೂ ಇರಲಿಲ್ಲ. ಅದಕ್ಕೆ ಬೇಕಾದ ಕಸರತ್ತು ಅವರು ಮಾಡಿಸಿದರು. ಗಣಿತದ ಮೇಷ್ಟ್ರು ಹತ್ತು ರೂಪಾಯಿ ನೋಟುಗಳನ್ನು ತಟ್ಟೆಗಳ ಹಾಗೆ ಜೋಡಿಸುವುದರಿಂದ ಶುರು ಮಾಡಿದರು. ನಾನು ಬಸ್ಸಿನ ಬೋರ್ಡು ಓದಿಸಿದೆ. ಬಸ್ ಪ್ರಯಾಣ ಕಲಿಸಿದ್ದು ಅವರಪ್ಪ. ಮೊದಲು ಪಕ್ಕದಲ್ಲಿ ಕೂತರು. ಆಮೇಲೆ ಹಿಂದಿನ ಸೀಟಿನಲ್ಲಿ ಕೂತರು. ಕೊನೆಗೆ ಬಸ್ಸಿನ ಹಿಂದೆ ಬೈಕಿನಲ್ಲಿ ಬಂದರು. ಮಗ ಒಬ್ಬನೇ ಇಳಿದು ನಿಂತಿದ್ದನ್ನು ದೂರದಿಂದ ನೋಡಿ ರಸ್ತೆ ಬದಿಯಲ್ಲೇ ಅತ್ತರಂತೆ.

ಸರ್ವಿಸ್ ಅಂಗಡಿಯವರಿಗೆ ಒಂದು ಹಾಳೆ ಬರೆದುಕೊಟ್ಟೆವು. ಒಂದು ಸಲಕ್ಕೆ ಒಂದೇ ಕೆಲಸ ಹೇಳಿ. ಮಾಡಿ ತೋರಿಸಿ. ಕೂಗಬೇಡಿ. ಪಂಪಿನ ಸದ್ದಿಗೆ ಹೆದರುತ್ತಾನೆ, ಮೊದಲ ವಾರ ದೂರದ ಕೆಲಸ ಕೊಡಿ. ಗಾಬರಿಯಾದರೆ ನೀರು ಕುಡಿಸಿ, ಐದು ನಿಮಿಷ ಬಿಡಿ. ಯಾರಿಗೆ ಫೋನ್ ಮಾಡಬೇಕು. ಇಷ್ಟೇ. 18 ತುಂಬಿದ ಮೇಲೆ ಕೆಲಸಕ್ಕೆ ಸೇರಿದ. ಮೊದಲ ತಿಂಗಳು ಟೀ, ಬನ್ನು ಕೊಟ್ಟು ಕಳಿಸುತ್ತಿದ್ದರು. ಪಿ.ಇ. ಸರ್ ಹೋಗಿ ಕೂತು ಮಾತಾಡಿ ದಿನಗೂಲಿ ನಿಗದಿ ಮಾಡಿಸಿದರು. ಈ ವಿಷಯದಲ್ಲಿ ನಾವು ಸಂಕೋಚ ಪಡಬಾರದು. ದುಡಿದವನಿಗೆ ಕೂಲಿ ಕೊಡಬೇಕು. 'ಪಾಪ, ಟೈಮ್ ಪಾಸ್ ಆಗುತ್ತೆ' ಅನ್ನುವ ಮಾತು ನನಗೆ ಸಹಿಸಲು ಆಗುವುದಿಲ್ಲ.

ಇನ್ನು ಹೆಣ್ಣುಮಕ್ಕಳ ವಿಷಯ. ಇದನ್ನು ನಾವು ಶಾಲೆಯಲ್ಲಿ ಮಾತಾಡುವುದೇ ಇಲ್ಲ. ನನ್ನ ಒಬ್ಬ ವಿದ್ಯಾರ್ಥಿನಿ ಮುಟ್ಟಾದ ಮೇಲೆ ಶಾಲೆಗೆ ಬರುವುದನ್ನೇ ನಿಲ್ಲಿಸಿದಳು. ಪ್ಯಾಡ್ ಬದಲಾಯಿಸಲು ಬರುವುದಿಲ್ಲ ಅನ್ನುವ ಒಂದೇ ಕಾರಣಕ್ಕೆ. ಅವರಮ್ಮನಿಗೆ ಭಯ. ಆ ಭಯ ಸುಳ್ಳು ಅಂತ ನಾನು ಹೇಳಲಾರೆ. ಆಶಾ ಕಾರ್ಯಕರ್ತೆ, ಅಮ್ಮ, ಬಿ.ಐ.ಇ.ಆರ್.ಟಿ. ಮೇಡಂ ಮೂವರೂ ಸೇರಿ ಬಟ್ಟೆಯ ಗೊಂಬೆ ಇಟ್ಟುಕೊಂಡು ಕಲಿಸಿದರು. ನಾಲ್ಕು ತಿಂಗಳಾಯಿತು. ಕಲಿತಳು. ಅದರ ಜೊತೆಗೇ ಯಾರು ಮುಟ್ಟಬಹುದು, ಯಾರು ಮುಟ್ಟಬಾರದು, ಮುಟ್ಟಿದರೆ 'ಬೇಡ' ಅಂತ ಜೋರಾಗಿ ಕೂಗುವುದನ್ನೂ ಕಲಿಸಿದರು. ನೀವೂ ಗಮನಿಸಿ ನೋಡಿ. ಇಂಥ ಮಕ್ಕಳಿಗೆ ನಾವು ಹೇಳಿದ ಮಾತು ಕೇಳುವುದನ್ನು ಮಾತ್ರ ಕಲಿಸುತ್ತೇವೆ. ಬೇಡ ಅನ್ನುವುದನ್ನು ಕಲಿಸುವುದಿಲ್ಲ. ಅವರು ದೊಡ್ಡವರಾಗಲು ಆ ಒಂದು ಮಾತು ಬೇಕೇಬೇಕು.

ಎಲ್ಲ ಪ್ರಯತ್ನವೂ ದಡ ಸೇರಿಲ್ಲ. ತೀವ್ರವಾದ ತೊಂದರೆ ಇರುವ ಮಕ್ಕಳಿಗೆ ಸಂಬಳದ ಕೆಲಸ ಸಿಗದೇ ಇರಬಹುದು. ಅವರಿಗೆ ತಾನೇ ಉಣ್ಣುವುದು, ಹಸಿವಾಯಿತು, ನೋವಾಯಿತು ಅಂತ ಸನ್ನೆಯಲ್ಲಾದರೂ ಹೇಳುವುದೇ ದೊಡ್ಡ ಹೆಜ್ಜೆ. ಅದಕ್ಕೂ, ಮಗುವಿಗೆ ಏನು ಬರುತ್ತದೆ, ಹೇಗೆ ಹೇಳಿಕೊಡಬೇಕು ಅಂತ ಬರೆದ ಹಾಳೆ ಬೇಕು, ಅದನ್ನೂ ಮುಂದಿನವರ ಕೈಗೆ ಕೊಡಬೇಕು.

ನಾನು ಕೇಳುವುದು ಜಾಸ್ತಿ ಏನಿಲ್ಲ. ಎಂಟನೇ ತರಗತಿಗೆ ಮಗು ಬಂದಾಗ ಒಂದು ಸಲ ಕೂರೋಣ. ಆಮೇಲೆ ವರ್ಷಕ್ಕೆ ಎರಡು ಸಲ. ಹತ್ತು ಮುಗಿಯುವಾಗ ಆ ಊರಿನ ವಿ.ಆರ್.ಡಬ್ಲ್ಯೂ. ಅವರನ್ನು ಶಾಲೆಗೇ ಕರೆದು, ಟಿ.ಸಿ. ಜೊತೆ ಆ ಹಾಳೆಯನ್ನೂ ಮಗುವಿನ ಎದುರೇ ಕೊಡೋಣ. ನಮ್ಮಲ್ಲೇ ಒಬ್ಬರು ನೀರುಗಂಟಿ ಆಗಲಿ, ಒಂದು ವರ್ಷ ತಿಂಗಳಿಗೊಮ್ಮೆ ಫೋನ್ ಮಾಡಲಿ.

ಸಂತೆಯಲ್ಲಿ ಸಿಕ್ಕ ಹುಡುಗನಿಗೆ ಈಗ ಇಪ್ಪತ್ನಾಲ್ಕು. ಹೋದ ತಿಂಗಳು ವಿ.ಆರ್.ಡಬ್ಲ್ಯೂ. ಜೊತೆ ಅವರ ಮನೆಗೆ ಹೋಗಿದ್ದೆ. ಪಕ್ಕದ ಊರಿನ ನರ್ಸರಿಯವರು ವಾರಕ್ಕೆ ಮೂರು ದಿನ ಗಿಡಗಳಿಗೆ ನೀರು ಹಾಕಲು ಕರೆದುಕೊಂಡು ನೋಡುತ್ತೇವೆ ಅಂದಿದ್ದಾರೆ. ಹೊರಡುವಾಗ ಅವನ ಮುಂದೆ ಹಾಳೆ, ಪೆನ್ನು ಇಟ್ಟೆ. ಹೆಸರಿನ ಮೊದಲ ಎರಡು ಅಕ್ಷರ ಬರೆದ. ಮೂರನೆಯದು ಮರೆತಿದೆ. ಬರುವ ಭಾನುವಾರ ಮತ್ತೆ ಹೋಗುತ್ತಿದ್ದೇನೆ.